ಪಕ್ಕದ ಮನೆಯ ಅಂಕದಿಂದ ಸೀಟು ಸಿಗುವುದಿಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಸಿಂಧನೂರು, ಲಿಂಗಸುಗೂರು, ಮಸ್ಕಿಯ ವೃತ್ತಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಮಕ್ಕಳ ಫೋಟೊ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಅಂಕ, ಇನ್ನೂ ಕೆಳಗೆ ‘ಪ್ರವೇಶ ಆರಂಭವಾಗಿದೆ’ ಎಂಬ ಸಾಲು. ತುಂಗಭದ್ರೆಯ ದಡದ ಮುಕ್ಕುಂದದಂಥ ಊರುಗಳಲ್ಲಿ ಅದೇ ಹೊತ್ತಿಗೆ ಮನೆಮನೆಯೊಳಗೆ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ. ಅಣ್ಣನಿಗೆ ಎಷ್ಟು ಬಂದಿತ್ತು, ಓಣಿಯ ಹುಡುಗನಿಗೆ ಎಷ್ಟು, ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುವವರಿಗೆ ಎಷ್ಟು ಎಂದು ಕೇಳಿ ಕೇಳಿ, ನಮ್ಮ ಮಗಳು ಸೈನ್ಸ್ ತೆಗೆದುಕೊಳ್ಳಬೇಕೋ, ಆರ್ಟ್ಸ್ ಸಾಕೋ, ಇಲ್ಲವೇ ಓದೇ ಬೇಡವೋ ಎಂಬುದನ್ನು ತೀರ್ಮಾನಿಸಿಬಿಡುತ್ತಾರೆ. ನನ್ನ ತಕರಾರು ಈ ಹೋಲಿಕೆಯ ಬಗ್ಗೆ. ಮಕ್ಕಳ ಮನಸ್ಸಿಗೆ ನೋವಾಗುತ್ತದೆ ಎಂಬುದು ಒಂದು ಮಾತು. ಅದಕ್ಕಿಂತ ಮೊದಲಿನ ಮಾತೆಂದರೆ, ಈ ಹೋಲಿಕೆಗೂ ಮುಂದೆ ಸಿಗುವ ಸೀಟಿಗೂ ಸಂಬಂಧವೇ ಇಲ್ಲ. ವೃತ್ತಿಪರ ಕೋರ್ಸಿನ ಸೀಟು ಹಂಚಿಕೆಯಾಗುವುದು ಬೇರೆಯೇ ಲೆಕ್ಕದ ಮೇಲೆ. ಆ ಲೆಕ್ಕ ನಮ್ಮ ಹಳ್ಳಿಗಳಿಗೆ ತಲುಪುವ ಹೊತ್ತಿಗೆ ಅದನ್ನು ಬಳಸಿಕೊಳ್ಳುವ ಕಾಲ ಎಷ್ಟೋ ಸಲ ಮೀರಿರುತ್ತದೆ.

ಅಣ್ಣನ ಅಂಕವನ್ನು ತಮ್ಮನ ಅಂಕದ ಪಕ್ಕ ಇಡುವುದನ್ನೇ ನೋಡಿ. 2021ರಲ್ಲಿ ಕೋವಿಡ್ ಕಾರಣಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಗಿಯಿತು. ಬರೆದವರೆಲ್ಲ ಹೆಚ್ಚುಕಡಿಮೆ ತೇರ್ಗಡೆಯಾದರು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು. ಫಲಿತಾಂಶ ತೀರಾ ಕುಸಿದದ್ದರಿಂದ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ಶೇ 73.40ಕ್ಕೆ ತಂದು ನಿಲ್ಲಿಸಲಾಯಿತು. ಆ ಏರಿಕೆಗೆ ಮುಖ್ಯಮಂತ್ರಿಯೇ ಅಸಮಾಧಾನ ತೋರಿದ ಮೇಲೆ 2025ರಲ್ಲಿ ಅದು ಹೋಯಿತು. ಆ ವರ್ಷದ ಮೊದಲ ಪರೀಕ್ಷೆಯಲ್ಲಿ ಒಟ್ಟು ತೇರ್ಗಡೆ ಶೇ 62.34ಕ್ಕೆ ಇಳಿಯಿತು. 2025–26ನೇ ಸಾಲಿನಿಂದ ತೇರ್ಗಡೆಯ ಗೆರೆಯೇ 35ರಿಂದ 33ಕ್ಕೆ ಸರಿದಿದೆ. ಇಷ್ಟರಲ್ಲಿ ಮಕ್ಕಳ ಬುದ್ಧಿ ಏರಿಳಿಯಲಿಲ್ಲ, ಅಳತೆಗೋಲು ಬದಲಾಯಿತು. 2023ರಲ್ಲಿ ಬರೆದ ಅಕ್ಕನಿಗಿಂತ 2025ರಲ್ಲಿ ಬರೆದ ತಂಗಿಗೆ ಇಪ್ಪತ್ತು ಅಂಕ ಕಡಿಮೆ ಬಂದರೆ ಅದರಿಂದ ತಂಗಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಇದನ್ನು ಸರ್ಕಾರವೇ ಹೈಕೋರ್ಟಿನಲ್ಲಿ ಒಪ್ಪಿಕೊಂಡ ಪ್ರಸಂಗವೂ ಇದೆ. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ನಡೆಯಲಿಲ್ಲ, ಹಿಂದಿನ ತರಗತಿಗಳ ಅಂಕದ ಆಧಾರದಲ್ಲಿ ಫಲಿತಾಂಶ ಕೊಟ್ಟರು. ಆ ತಂಡದ ಸುಮಾರು 24,000 ಮಂದಿ 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಅವರ ಪಿಯು ಅಂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಪರೀಕ್ಷಾ ಪ್ರಾಧಿಕಾರ ರ‍್ಯಾಂಕ್ ಪ್ರಕಟಿಸಿತು. ವ್ಯಾಜ್ಯವಾಯಿತು. ಕೊನೆಗೆ ಆ ವರ್ಷದವರ ಪಿಯು ಅಂಕದಲ್ಲಿ ಒಂದು ಸೂತ್ರದ ಪ್ರಕಾರ ಇಷ್ಟಿಷ್ಟು ಕಳೆದು, ಹೊಸ ರ‍್ಯಾಂಕ್ ಕೊಡಬೇಕಾಯಿತು. ಒಂದು ವರ್ಷದ ಅಂಕವನ್ನು ಇನ್ನೊಂದು ವರ್ಷದ ಅಂಕದ ಜೊತೆ ಸರಿದೂಗಿಸಲು ತಜ್ಞರ ಸಮಿತಿ ಬೇಕಾಯಿತು ಎಂದ ಮೇಲೆ, ಮನೆಯ ಜಗುಲಿಯಲ್ಲಿ ಕೂತು ಅದನ್ನು ಮಾಡುವುದು ಹೇಗೆ?

ಜಿಲ್ಲೆಗಳ ರ‍್ಯಾಂಕ್ ಪಟ್ಟಿಯೂ ಇದೇ ಜಾತಿಯದು. 2025ರಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲಿತ್ತು, ಕಲಬುರಗಿ ಶೇ 42.43ರೊಂದಿಗೆ ಕೊನೆಗಿತ್ತು. ಇದನ್ನು ಮುಖಪುಟದಲ್ಲಿ ಹಾಕುವ ಪತ್ರಿಕೆಗಳು ಅದರ ಪಕ್ಕದಲ್ಲಿ 2011ರ ಜನಗಣತಿಯ ಎರಡು ಸಂಖ್ಯೆಗಳನ್ನೂ ಹಾಕಬಹುದು. ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ರ ಮೇಲೆ, ನಮ್ಮ ರಾಯಚೂರು ಜಿಲ್ಲೆಯದು ಶೇ 60ರ ಕೆಳಗೆ. ಅಂದರೆ ಅಲ್ಲಿ ಪರೀಕ್ಷೆಗೆ ಕೂತ ಮಗುವಿನ ಹಿಂದೆ ಓದುಬರಹ ಬಲ್ಲ ತಾಯಿ, ಬಹುಪಾಲು ಅಜ್ಜಿಯೂ ಇದ್ದಾಳೆ. ಇಲ್ಲಿ ಕೂತವಳು ಮನೆಯಲ್ಲಿ ಮೊದಲ ಸಲ ಹತ್ತನೇ ತರಗತಿ ಕಂಡವಳು. ಹತ್ತಿ ಬಿಡಿಸುವ ದಿನಗಳಲ್ಲಿ ಅವಳ ಹಾಜರಿ ತಪ್ಪಿರುತ್ತದೆ. ಮಸ್ಕಿ, ಲಿಂಗಸುಗೂರು ಕಡೆಯ ಒಣಭೂಮಿಯ ಊರುಗಳಲ್ಲಿ ಅಪ್ಪ ಅವ್ವ ಗುಳೆ ಹೋದಾಗ ತಮ್ಮಂದಿರನ್ನು ನೋಡಿಕೊಳ್ಳುತ್ತಾ ಓದಿರುತ್ತಾಳೆ. ಸರಾಸರಿಗೆ ಇದ್ಯಾವುದೂ ಕಾಣುವುದಿಲ್ಲ. ಆ ಸರಾಸರಿಯೂ ಸ್ಥಿರವಲ್ಲ: 2023ರಲ್ಲಿ ರಾಜ್ಯಕ್ಕೆ ಮೊದಲು ಬಂದಿದ್ದ ಚಿತ್ರದುರ್ಗ ಮರುವರ್ಷವೇ ಬಹಳ ಕೆಳಗೆ ಜಾರಿತು. 2024ರಲ್ಲಿ 625ಕ್ಕೆ 625 ತೆಗೆದ ಒಬ್ಬಳೇ ಹುಡುಗಿ ಓದಿದ್ದು ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ. ಹೆಸರಾದ ಯಾವ ನಗರದ ಶಾಲೆಯಲ್ಲೂ ಅಲ್ಲ.

ಹಾಗಾದರೆ ಸೀಟಿನ ನಿಜವಾದ ಲೆಕ್ಕ ಯಾವುದು? ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ‘ಅತ್ಯಂತ ಹಿಂದುಳಿದ’ ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ ಆಗಿದ್ದವು. ಆ ಅನ್ಯಾಯಕ್ಕೆ ಉತ್ತರವಾಗಿ, ದೀರ್ಘ ಹೋರಾಟದ ನಂತರ, ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂತು. ಅದರಡಿ ಈಗ ಕಲ್ಯಾಣ ಕರ್ನಾಟಕ ಎನಿಸಿಕೊಳ್ಳುವ ಈ ಭಾಗದ ಶಿಕ್ಷಣ ಸಂಸ್ಥೆಗಳ ಶೇ 70 ಸೀಟು, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ 8 ಸೀಟು ಇಲ್ಲಿನವರಿಗೆ ಮೀಸಲು. ಇದರ ಜೊತೆಗೆ ಸಿಇಟಿಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಿದೆ. ಪರೀಕ್ಷಾ ಪ್ರಾಧಿಕಾರದ ಕಟ್ ಆಫ್ ಪಟ್ಟಿ ತೆರೆದರೆ ಜಿಎಂ ಎಂಬ ಕಾಲಮಿನ ಪಕ್ಕದಲ್ಲೇ ಜಿಎಂಆರ್, ಜಿಎಂಕೆ ಎಂಬ ಕಾಲಮುಗಳು ಕಾಣುತ್ತವೆ. ಗ್ರಾಮೀಣ, ಕನ್ನಡ ಮಾಧ್ಯಮ ಎಂದು ಅವುಗಳ ಅರ್ಥ. ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಪಟ್ಟಿಯೇ ಇರುತ್ತದೆ. ಮುಕ್ಕುಂದದ ಸರ್ಕಾರಿ ಶಾಲೆಯಲ್ಲಿ ಹತ್ತು ವರ್ಷ ಓದಿದ ರೈತನ ಮಗಳು ಹೋಲಿಸಿಕೊಳ್ಳಬೇಕಾದ್ದು ಆ ಪಟ್ಟಿಯ ತನ್ನ ಕಾಲಮಿನಲ್ಲಿ ಕಳೆದ ವರ್ಷ ಸೀಟು ಪಡೆದ ಕೊನೆಯ ರ‍್ಯಾಂಕಿನ ಜೊತೆ. ಅವಳು ಕೃಷಿ ಪದವಿ ಓದಬಯಸಿದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿಕ ಕುಟುಂಬದ ಮಕ್ಕಳಿಗೆಂದೇ ಇನ್ನೊಂದು ಮೀಸಲಾತಿ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಪಟ್ಟಣದ ಇಂಗ್ಲಿಷ್ ಶಾಲೆಯವನ 95 ಅಂಕಕ್ಕೂ ಇವಳ ಸೀಟಿಗೂ ಇಲ್ಲಿ ಎದುರುಬದುರಿನ ಪೈಪೋಟಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಈಗ ಹೋಲಿಕೆಯಿಂದಾಗುವ ನಿಜವಾದ ನಷ್ಟಕ್ಕೆ ಬರೋಣ. ಓಣಿಯ ಹುಡುಗನ ಅಂಕ ನೋಡಿ ಹೆದರಿದ ತಂದೆತಾಯಿ, ಸಾಲ ಮಾಡಿಯಾದರೂ ಸರಿ ಎಂದು ಮಗುವನ್ನು ಎಂಟನೇ ತರಗತಿಗೆ ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸುತ್ತಾರೆ. ಸಿಂಧನೂರು ನಗರಸಭೆಯ ವ್ಯಾಪ್ತಿಯ ಶಾಲೆ ಗ್ರಾಮೀಣ ಎನಿಸಿಕೊಳ್ಳುವುದಿಲ್ಲ. ಏಳು ವರ್ಷ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ ಮಗು ಕೊನೆಯ ಮೂರು ವರ್ಷಕ್ಕಾಗಿ ಎರಡೂ ಹಕ್ಕುಗಳನ್ನು ಒಟ್ಟಿಗೆ ಕಳೆದುಕೊಳ್ಳುತ್ತದೆ. ಹೀಗೆ ಕಳೆದುಕೊಂಡದ್ದು ಅವರಿಗೆ ಗೊತ್ತಾಗುವುದು ಐದು ವರ್ಷದ ನಂತರ, ಸಿಇಟಿ ಅರ್ಜಿ ತುಂಬುವಾಗ, ‘ಒಂದರಿಂದ ಹತ್ತರವರೆಗೆ’ ಎಂಬ ಪದಗಳನ್ನು ಓದಿದಾಗ. ಪಟ್ಟಣದ ಶಾಲೆಗೆ ಸೇರಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಊರ ಶಾಲೆಯಲ್ಲಿ ಗಣಿತದ ಮೇಷ್ಟ್ರು ಇಲ್ಲದೆ ವರ್ಷ ಕಳೆಯುತ್ತಿದ್ದರೆ ತಂದೆತಾಯಿ ಇನ್ನೇನು ಮಾಡಿಯಾರು? ಆದರೆ ಏನನ್ನು ಕೊಟ್ಟು ಏನನ್ನು ಪಡೆಯುತ್ತಿದ್ದೇವೆ ಎಂದು ಅವರಿಗೆ ಆ ದಿನವೇ ಯಾರಾದರೂ ಹೇಳಬೇಕಿತ್ತು. ಶಾಲೆ ಬದಲಿಸುವ ಟಿಸಿಯನ್ನು ಕೈಗಿಡುವ ಮುಖ್ಯಶಿಕ್ಷಕರಿಗೆ ಇದನ್ನು ಹೇಳುವ ಹೊಣೆಯನ್ನು ಇಲಾಖೆ ಹೊರಿಸಿಲ್ಲ. ಹಣ ಖರ್ಚು ಮಾಡಿ ಹಕ್ಕು ಬಿಟ್ಟುಕೊಡುವ ಈ ವ್ಯವಹಾರ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಪ್ರತಿ ಜೂನ್ ತಿಂಗಳಲ್ಲೂ ನಡೆಯುತ್ತಿದೆ.

ಮೀಸಲಾತಿಯ ಕಾಲಮು ನೋಡಿ ಎಂದು ಮಕ್ಕಳಿಗೆ ಹೇಳಿದರೆ ಅವರು ಕಷ್ಟಪಟ್ಟು ಓದುವುದನ್ನೇ ಬಿಡುತ್ತಾರೆ, ಪ್ರತಿಭೆಗೆ ಬೆಲೆ ಇಲ್ಲದಂತಾಗುತ್ತದೆ ಎಂಬ ಆಕ್ಷೇಪವಿದೆ. ಪ್ರಾಮಾಣಿಕವಾಗಿ ಇದನ್ನು ಹೇಳುವವರಿದ್ದಾರೆ. ಅವರು ಗಮನಿಸಬೇಕಾದ್ದು ಇಷ್ಟು: ಆ ಕಾಲಮಿನೊಳಗೂ ಪೈಪೋಟಿಯೇ ಇದೆ, ಎಂಜಿನಿಯರಿಂಗಿಗೆ ಅಲ್ಲೂ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಯೇ ರ‍್ಯಾಂಕ್ ಬರುತ್ತದೆ. ಸೀಟು ಸಿಕ್ಕ ಮೇಲೆ ಬರೆಯುವ ಪರೀಕ್ಷೆ ಎಲ್ಲರಿಗೂ ಒಂದೇ. ಒಂದೇ ತರದ ಸೌಕರ್ಯದಲ್ಲಿ ಓದಿದವರ ನಡುವೆ ಯಾರು ಮುಂದೆ ಎಂದು ಕೇಳುವುದು ಪ್ರತಿಭೆಯನ್ನು ಅಳೆಯುವ ಹೆಚ್ಚು ನಿಖರವಾದ ದಾರಿ. ಅಮೆರಿಕದ ಟೆಕ್ಸಾಸ್ ರಾಜ್ಯ 1997ರಲ್ಲಿ ಮಾಡಿದ ಕಾನೂನಿನ ತಿರುಳು ಇದೇ ಆಗಿತ್ತು. ಬಡ ಬಡಾವಣೆಯದಿರಲಿ, ಸಿರಿವಂತರದಿರಲಿ, ಪ್ರತಿ ಪ್ರೌಢಶಾಲೆಯಲ್ಲೂ ಮೇಲಿನ ಶೇ 10ರಷ್ಟು ಮಕ್ಕಳಿಗೆ ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಖಾತರಿ ಎಂದಿತು ಅದು. ಮಗುವನ್ನು ಅದರದೇ ಶಾಲೆಯ ಮಕ್ಕಳ ಜೊತೆ ಹೋಲಿಸಿ, ದೂರದ ಶಾಲೆಯವರ ಜೊತೆ ಅಲ್ಲ ಎಂಬುದು ಅದರ ವಾದ. ನಂತರ ಆಸ್ಟಿನ್ ವಿಶ್ವವಿದ್ಯಾಲಯಕ್ಕೆ ಮಾತ್ರ ಅದಕ್ಕೊಂದು ಮಿತಿ ಹಾಕಿದರು, ಕಾನೂನು ಉಳಿದಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಈ ಭಾಗದ ವಿಶ್ವವಿದ್ಯಾಲಯಗಳೇ ಸೊರಗಿರುವಾಗ ಇಲ್ಲಿನ ಶೇ 70 ಸೀಟು ಕಟ್ಟಿಕೊಂಡು ಏನು ಮಾಡುವುದು? ಧಾರವಾಡ, ಬೆಂಗಳೂರಿಗೆ ಹೋದವರೇ ಮುಂದೆ ಬರುತ್ತಾರಲ್ಲ? ಈ ಮಾತಿನಲ್ಲಿ ಸತ್ಯವಿದೆ. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ರಾಯಚೂರು, ಯಾದಗಿರಿ ಜಿಲ್ಲೆಗಳಿಗಾಗಿ ಹುಟ್ಟಿದ ರಾಯಚೂರಿನ ವಿಶ್ವವಿದ್ಯಾಲಯ ಇನ್ನೂ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿದೆ. ಪಕ್ಕದ ಕೊಪ್ಪಳ ವಿಶ್ವವಿದ್ಯಾಲಯ ಕಣ್ಣು ಬಿಡುತ್ತಿದ್ದಂತೆಯೇ, 2025ರ ಫೆಬ್ರುವರಿಯಲ್ಲಿ, ಮುಚ್ಚಬೇಕಾದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರನ್ನೂ ಸಂಪುಟ ಉಪಸಮಿತಿ ಸೇರಿಸಿತು. ಆದರೆ ಈ ಭಾಗದ್ದೆಲ್ಲ ಒಂದೇ ತೂಕದ್ದಲ್ಲ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ, ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ, 2019ರಲ್ಲಿ ಶುರುವಾದ ಐಐಐಟಿ ಇದೆ. ಕಲಬುರಗಿಯ ಬಳಿ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಐಐಐಟಿಗೆ ಜೆಇಇ, ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಬರೆಯಬೇಕೆಂಬುದು ನಮ್ಮ ಎಷ್ಟು ಪಿಯು ಮಕ್ಕಳಿಗೆ ಅರ್ಜಿಯ ಕೊನೆಯ ದಿನಕ್ಕೆ ಮೊದಲು ತಿಳಿದಿರುತ್ತದೆ? ಹೊರಗೆ ಹೋಗಬಯಸುವವರಿಗೆ ಶೇ 8 ಸೀಟು ಇರುವುದೂ ಅದಕ್ಕಾಗಿಯೇ. ಸೊರಗಿದ ವಿಶ್ವವಿದ್ಯಾಲಯಕ್ಕೆ ಕಾಯಂ ಪ್ರಾಧ್ಯಾಪಕರನ್ನು ಕೊಡಿ ಎಂದು ಕೇಳುವುದು ಸರ್ಕಾರವನ್ನು. ಅದರ ಕೊರತೆಯನ್ನು ಹುಡುಗಿಯ ಅಂಕಪಟ್ಟಿಯ ಮೇಲೆ ಹೊರಿಸುವುದು ಸರಿಯಲ್ಲ.

ಅಂಕ ಕಡಿಮೆ ಬಂದವರಿಗೂ, ಅನುತ್ತೀರ್ಣರಾದವರಿಗೂ ಇದೇ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಹತ್ತನೇ ತರಗತಿಯ ನಂತರ ಮೂರು ವರ್ಷದ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಆದರೂ ಮೊದಲ ಪರೀಕ್ಷೆಯ ಫಲಿತಾಂಶದ ದಿನವೇ ‘ನಿನಗೆ ವಿದ್ಯೆ ಹತ್ತುವುದಿಲ್ಲ’ ಎಂದು ತೀರ್ಪಾಗಿ, ಹುಡುಗ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಹುಡುಗಿ ನಾಟಿ ಕೆಲಸಕ್ಕೆ, ಅದರಾಚೆ ಮದುವೆಗೆ ಹೋಗುವುದು ನಿಂತಿಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಏಳನೇ ತರಗತಿ ಮುಗಿಸುವ ಪ್ರತಿ ಮಗುವಿನ ಮನೆಗೆ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಹಕ್ಕು ಹೇಗೆ ಉಳಿಯುತ್ತದೆ, ಹೇಗೆ ಹೋಗುತ್ತದೆ ಎಂದು ಹೇಳುವ ಒಂದು ಹಾಳೆಯನ್ನು ಶಾಲೆ ಕೊಡಲಿ, ಓದಲು ಬಾರದವರಿಗೆ ಪೋಷಕರ ಸಭೆಯಲ್ಲಿ ಓದಿ ಹೇಳಲಿ. 371(ಜೆ) ಪ್ರಮಾಣಪತ್ರ ಕೊಡುವುದು ಸಹಾಯಕ ಆಯುಕ್ತರು. ಸಿಂಧನೂರು, ಮಸ್ಕಿಯವರಿಗೆ ಆ ಕಚೇರಿ ಇರುವುದು ಲಿಂಗಸುಗೂರಿನಲ್ಲಿ. ಸಿಇಟಿ ಅರ್ಜಿಯ ಗಡುವಿನಲ್ಲಿ ದಿನದ ಕೂಲಿ ಬಿಟ್ಟು, ಬಸ್ಸು ಬದಲಿಸಿ, ಆ ಕಚೇರಿ ಸುತ್ತುವ ಬದಲು, ಹತ್ತನೇ ತರಗತಿ ಓದುವಾಗಲೇ ಶಾಲೆಯಲ್ಲೇ ಅರ್ಜಿ ಪಡೆದು ಶಾಲೆಗೇ ಪ್ರಮಾಣಪತ್ರ ತಲುಪಿಸುವ ವ್ಯವಸ್ಥೆಯನ್ನು ತಹಶೀಲ್ದಾರರೂ ಬಿಇಒ ಅವರೂ ಸೇರಿ ಮಾಡಬಹುದು. ಕಲ್ಯಾಣ ಕರ್ನಾಟಕದ ಪಟ್ಟಿಯಲ್ಲಿ ಯಾವ ಕಾಲೇಜಿನ ಯಾವ ಕೋರ್ಸಿಗೆ ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಸಿಕ್ಕಿತು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಪಿಯು ಕಾಲೇಜಿನ ಗೋಡೆಗೆ ಅಂಟಿಸಲು ಪ್ರದೇಶಾಭಿವೃದ್ಧಿ ಮಂಡಳಿಗೆ ಹಣದ ಕೊರತೆ ಇಲ್ಲ. ಮುಂದಿನ ಸಿಇಟಿ ಅರ್ಜಿ ಶುರುವಾಗುವ ಮೊದಲೇ ಈ ಪಟ್ಟಿ ಗೋಡೆಯ ಮೇಲಿರಬೇಕು.