ಭಜನೆ ಮಾಡಿದರೆ ಬಿ.ಪಿ. ಮಾತ್ರೆ ಬಿಡಬಹುದೇ?

ಹಾವೇರಿ ಜಿಲ್ಲೆಯ ಗುತ್ತಲದಂಥ ಊರುಗಳಿಗೆ ಭಜನೆ, ಡೊಳ್ಳು ಕುಣಿತ, ದೊಡ್ಡಾಟ ಹೊಸತಲ್ಲ. ಇವು ಆರೋಗ್ಯಕ್ಕೆ ಒಳ್ಳೆಯವು ಎಂಬ ಮಾತು ನಿಜವೇ?

ನಿಜ, ಆದರೆ ಒಂದು ಮಿತಿಯೊಳಗೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಪ್ರಕಟಿಸಿದ ವರದಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಆಧರಿಸಿತ್ತು. ಕಾಯಿಲೆ ತಡೆಯಲು, ಬಂದದ್ದನ್ನು ನಿಭಾಯಿಸಲು ಕಲೆಗಳು ನೆರವಾಗುತ್ತವೆ ಎಂದು ಅದು ಹೇಳಿತು.

ಇದರಲ್ಲಿ ಪವಾಡವೇನಿಲ್ಲ. ಹಾಡುವಾಗ ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಬಿಡುತ್ತೇವೆ. ಡೊಳ್ಳು ಹೊತ್ತು ಕುಣಿಯುವುದು ಒಳ್ಳೆಯ ವ್ಯಾಯಾಮ. ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೊಮ್ಮೆ ಕೂಡಿ ಹಾಡುವವರಲ್ಲಿ ಒಬ್ಬರು ಬಾರದಿದ್ದರೆ ಉಳಿದವರು ವಿಚಾರಿಸುತ್ತಾರೆ. ಒಂಟಿ ವೃದ್ಧರಿಗೆ ಇದು ದೊಡ್ಡ ಆಸರೆ.

ಇಂಗ್ಲೆಂಡಿನಲ್ಲಿ 50 ದಾಟಿದ 6,000ಕ್ಕೂ ಹೆಚ್ಚು ಜನರನ್ನು ಸುಮಾರು 14 ವರ್ಷ ಗಮನಿಸಲಾಯಿತು. ನಾಟಕ, ಸಂಗೀತ ಕಾರ್ಯಕ್ರಮಗಳಿಗೆ ಆಗಾಗ ಹೋಗುತ್ತಿದ್ದವರಲ್ಲಿ ಸಾವಿನ ಅಪಾಯ ಶೇ. 31ರಷ್ಟು ಕಡಿಮೆ ಕಂಡುಬಂತು. ಆದರೆ ಗಟ್ಟಿಮುಟ್ಟಾಗಿರುವವರೇ ಹೆಚ್ಚು ಓಡಾಡುವುದು ಸಹಜ. ಹಾಗಾಗಿ ಕಲೆಯೇ ಕಾರಣ ಎಂದು ಇದರಿಂದ ಸಾಬೀತಾಗದು.

ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರದೆ ಏರುತ್ತದೆ. ಮನಸ್ಸು ಹಗುರಾಯಿತೆಂದರೆ ಬಿ.ಪಿ. ಇಳಿಯಿತೆಂದು ಅರ್ಥವಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಭಜನೆ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ.