ಚಿಣ್ಣಿದಾಂಡಿಗೂ ಒಂದು ಅವಧಿ ಬೇಕು

ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಶಾಲೆಯೊಂದು ತಾನು ನಡೆದು ಬಂದ ದಾರಿಯತ್ತ ಹಿಂದಿರುಗಿ ನೋಡುವುದು ವಾಡಿಕೆ. ತರಗತಿಯೊಳಗೆ ಕಲಿಸಿದ್ದಕ್ಕೆ ಹಾಜರಿ ಪುಸ್ತಕ, ಅಂಕಪಟ್ಟಿಗಳು ಸಾಕ್ಷಿಯಾಗಿರುತ್ತವೆ. ಅಂಗಳದಲ್ಲಿ ಮಕ್ಕಳು ಒಬ್ಬರಿಂದೊಬ್ಬರು ಕಲಿತದ್ದಕ್ಕೆ ಮಾತ್ರ ಯಾವ ದಾಖಲೆಯೂ ಇರುವುದಿಲ್ಲ. ಹೀಗೆ ದಾಖಲೆಯಿಲ್ಲದೆ ಬಾಳಿ, ಈಗ ದಾಖಲೆಯಿಲ್ಲದೆಯೇ ಮರೆಯಾಗುತ್ತಿರುವ ನಮ್ಮ ಕೋಲಿನಾಟಗಳ ಬಗ್ಗೆ ಈ ಸಂಚಿಕೆಯಲ್ಲಿ ಎರಡು ಮಾತು ಹೇಳುವುದು ಉಚಿತವೆಂದು ಭಾವಿಸುತ್ತೇನೆ.

ಚಿಣ್ಣಿದಾಂಡು, ಚಿಣ್ಣಿಕೋಲು, ಗಿಲ್ಲಿದಾಂಡು, ಚಿಣಿಫಣಿ ಎಂದು ಕನ್ನಡ ನಾಡಿನ ಬೇರೆ ಬೇರೆ ಭಾಗಗಳಲ್ಲಿ ಕರೆಯುವ ಆಟ ಒಂದೇ. ನಮ್ಮ ತೆಲುಗು ನೆರೆಯವರಿಗೆ ಅದು ಬಿಳ್ಳಂಗೋಡು. ಒಂದೂವರೆ ಮೊಳದ ಒಂದು ದಾಂಡು, ಎರಡೂ ತುದಿ ಚೂಪು ಮಾಡಿದ ಬೆರಳುದ್ದದ ಒಂದು ಚಿಣ್ಣಿ, ನೆಲದಲ್ಲಿ ತೋಡಿದ ಒಂದು ಸಣ್ಣ ಕುಣಿ, ಇಷ್ಟೇ ಸಾಮಗ್ರಿ. ಜಾಲಿಯೋ ಬೇವೋ ಒಂದು ಕೊಂಬೆ ಸಿಕ್ಕರೆ ಆಟ ಸಿದ್ಧ. ಚಿಣ್ಣಿಯ ತುದಿಗೆ ಮೆಲ್ಲನೆ ತಟ್ಟಿ, ಅದು ಪುಟಿದೇಳುವ ಕ್ಷಣದಲ್ಲೇ ಬೀಸಿ ಹೊಡೆಯಬೇಕು. ಎದುರಾಳಿ ಹಿಡಿದರೆ ಔಟು. ಹಿಡಿಯದಿದ್ದರೆ ಬಿದ್ದ ಜಾಗದಿಂದ ಕುಣಿಯವರೆಗೆ ದಾಂಡಿನಿಂದಲೇ ಅಳತೆ. ಕಣ್ಣು, ಕೈ, ಅಂದಾಜು, ಎಣಿಕೆ ನಾಲ್ಕನ್ನೂ ಒಟ್ಟಿಗೆ ಕಲಿಸುವ ಇಂಥ ಅಗ್ಗದ ಪಾಠೋಪಕರಣ ಇನ್ನೊಂದಿಲ್ಲ.

ಈ ಆಟದ ಪ್ರಾಚೀನತೆಯ ಬಗ್ಗೆ ಉತ್ಸಾಹದ ಮಾತುಗಳು ಬಹಳ. ಮಹಾಭಾರತದ ಆದಿಪರ್ವದಲ್ಲಿ ಕುರು ಕುಮಾರರ ಆಟದ ವಸ್ತುವೊಂದು ಬಾವಿಗೆ ಬೀಳುತ್ತದೆ; ದ್ರೋಣರು ಹುಲ್ಲುಕಡ್ಡಿಗಳಿಂದ ಅದನ್ನು ಮೇಲೆತ್ತುತ್ತಾರೆ. ನಾವು ಅದನ್ನು ಚೆಂಡೆಂದೇ ಕೇಳಿ ಬಲ್ಲೆವು. ಮೂಲದಲ್ಲಿರುವ ಶಬ್ದ ‘ವೀಟಾ’. 17ನೆಯ ಶತಮಾನದ ವ್ಯಾಖ್ಯಾನಕಾರ ನೀಲಕಂಠನು ಅದಕ್ಕೆ ಜವೆಗೋಧಿಯ ಆಕಾರದ, ಚೋಟುದ್ದದ, ಕೋಲಿನಿಂದ ಚಿಮ್ಮಿಸುವ ಮರದ ತುಂಡು ಎಂದು ಅರ್ಥ ಹೇಳುತ್ತಾನೆ. ಮರಾಠಿಗರು ಇಂದಿಗೂ ಚಿಣ್ಣಿಯನ್ನು ‘ವಿಟಿ’ ಎನ್ನುತ್ತಾರೆ. ವ್ಯಾಸರ ಕಾಲಕ್ಕೇ ಈ ಆಟವಿತ್ತೆಂದು ಇಷ್ಟರಿಂದಲೇ ಸಿದ್ಧವಾಗುವುದಿಲ್ಲ. ನೀಲಕಂಠನ ಕಾಲಕ್ಕೆ ಅದು ಮನೆಮಾತಾಗಿತ್ತೆಂಬುದಂತೂ ನಿಶ್ಚಿತ. ಕ್ರಿಕೆಟ್ ನಮ್ಮ ಚಿಣ್ಣಿದಾಂಡಿನಿಂದಲೇ ಹುಟ್ಟಿತೆಂಬ ಹೆಮ್ಮೆಗೂ ಆಧಾರವಿಲ್ಲ. ಇದೇ ಬಗೆಯ ‘ಟಿಪ್‌ಕ್ಯಾಟ್’ ಎಂಬ ಆಟ ಇಂಗ್ಲೆಂಡಿನಲ್ಲಿತ್ತು. 1801ರಲ್ಲಿ ಜೋಸೆಫ್ ಸ್ಟ್ರಟ್ ಅದನ್ನು ವರ್ಣಿಸಿದ್ದಾನೆ. ಇರಾನಿನಲ್ಲಿ ‘ಅಲಕ್ ದೋಲಕ್’ ಉಂಟು, ನೇಪಾಳದಲ್ಲಿ ‘ಡಂಡಿಬಿಯೊ’ ಉಂಟು. ಕೋಲು ಸಿಕ್ಕ ಕಡೆಯಲ್ಲೆಲ್ಲ ಮಕ್ಕಳು ಹೊಡೆದಾಡದೆ ಆಟವಾಡಿದ್ದಾರೆ ಎಂಬುದೇ ಸಾಕಷ್ಟು ದೊಡ್ಡ ಹೆಮ್ಮೆ.

ನಮ್ಮಂಥ ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮರಾಠಿ ಮಕ್ಕಳು ಈ ಆಟದಲ್ಲಿ ‘ವಕಟ, ಲೇಂಡ, ಮೂಂಡ, ನಾಲ’ ಎಂದು ಎಣಿಸುವ ರೂಢಿಯಿತ್ತು. ಒಂದೊಂದು ಎಣಿಕೆಗೂ ಒಂದೊಂದು ಬಗೆಯ ಹೊಡೆತ. ಇವು ಮರಾಠಿಯ ಸಂಖ್ಯೆಗಳಲ್ಲ. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು ಎಂಬುವನ್ನೂ ನಮ್ಮ ಒಂದು, ಎರಡು, ಮೂರು, ನಾಲ್ಕನ್ನೂ ನೆನಪಿಗೆ ತರುವಂಥವು. ಪಂಡಿತರು ಭಾಷಾ ಬಾಂಧವ್ಯವನ್ನು ಗ್ರಂಥಗಳಲ್ಲಿ ಹುಡುಕುವ ಮೊದಲೇ ಹುಡುಗರು ಅದನ್ನು ಬಯಲಲ್ಲಿ ಸಾಧಿಸಿದ್ದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು, ಉಳಿದವು ಮೈಸೂರಿಗೆ ಬಂದವು. ಕಚೇರಿಯ ಭಾಷೆ ಬದಲಾಯಿತು. ಆದರೆ ಕನ್ನಡದ ಹುಡುಗನೂ ತೆಲುಗಿನ ಹುಡುಗನೂ ಕೂಡಿ ಆಡುವಾಗ ಚಿಣ್ಣಿಗೆ ಗಡಿ ತಿಳಿಯದು. ಒಬ್ಬನ ನುಡಿ ಇನ್ನೊಬ್ಬನ ನಾಲಿಗೆಗೆ ಬರುವುದು ಹೀಗೆಯೇ.

ಹಾಗಾದರೆ ಈ ಆಟ ಹಿಂದುಳಿದದ್ದೇಕೆ? ಕ್ರಿಕೆಟ್ಟನ್ನು ಶಪಿಸುವುದು ಸುಲಭ, ನ್ಯಾಯವಲ್ಲ. 1771ರಲ್ಲಿ ಇಂಗ್ಲೆಂಡಿನ ಒಬ್ಬ ಆಟಗಾರ ವಿಕೆಟ್ಟಿನಷ್ಟೇ ಅಗಲದ ದಾಂಡನ್ನು ಹಿಡಿದು ಬಂದ, ಜಗಳವಾಯಿತು, ದಾಂಡಿನ ಅಗಲ ನಾಲ್ಕೂಕಾಲು ಇಂಚು ಮೀರಬಾರದೆಂಬ ನಿಯಮವಾಯಿತು. ಅವರು ಜಗಳವನ್ನು ನಿಯಮವಾಗಿಸಿದರು, ನಿಯಮವನ್ನು ಅಚ್ಚು ಹಾಕಿಸಿದರು. ನಮ್ಮಲ್ಲಿಯೂ ಹಾಗೆ ಮಾಡಿದ ಆಟಗಳು ಉಳಿದಿವೆ. ಖೊಖೊ ಆಟಕ್ಕೆ 1914ರಲ್ಲಿ ಪುಣೆಯಲ್ಲಿ ನಿಯಮಗಳು ರೂಪುಗೊಂಡವು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಅದರ ಪ್ರಥಮ ವಿಶ್ವಕಪ್ಪೇ ನಡೆಯಿತು. 2023ರ ಡಿಸೆಂಬರಿನಲ್ಲಿ ಆಂಧ್ರ ಸರ್ಕಾರ ಆರಂಭಿಸಿದ ‘ಆಡುದಾಂ ಆಂಧ್ರ’ ಕ್ರೀಡೋತ್ಸವದ ಸ್ಪರ್ಧೆಗಳಲ್ಲಿ ಕಬಡ್ಡಿ, ಖೊಖೊಗಳಿಗೆ ಸ್ಥಾನ ದೊರೆಯಿತು, ಚಿಣ್ಣಿದಾಂಡಿಗೆ ದೊರೆಯಲಿಲ್ಲ. ಊರಿಗೊಂದು ನಿಯಮವಿರುವ ಆಟಕ್ಕೆ ಪಂದ್ಯ ಏರ್ಪಡಿಸುವುದಾದರೂ ಹೇಗೆ?

ಇದು ಅಪಾಯದ ಆಟ, ಕಣ್ಣಿಗೆ ಪೆಟ್ಟಾದೀತು ಎಂಬ ಪಾಲಕರ ಆಕ್ಷೇಪ ನಿಜವಾದದ್ದು. ಅದನ್ನು ತಳ್ಳಿಹಾಕಬಾರದು. ಚಿಣ್ಣಿಯ ತುದಿಗಳನ್ನು ಮೊಂಡಾಗಿಸುವುದು, ಹಿಡಿಯುವವರು ನಿಲ್ಲಬೇಕಾದ ಗೆರೆಯನ್ನು ದೂರದಲ್ಲಿ ಎಳೆಯುವುದು, ಚಿಕ್ಕ ಮಕ್ಕಳಿಗೆ ಬಟ್ಟೆ ಸುತ್ತಿದ ಚಿಣ್ಣಿಯನ್ನು ಕೊಡುವುದು ನಮ್ಮ ಕೈಯಲ್ಲೇ ಇದೆ. ಹೆಣ್ಣುಮಕ್ಕಳ ಆಟವಲ್ಲ ಎಂಬ ಇನ್ನೊಂದು ಮಾತು ಮಾತ್ರ ಉತ್ತರಕ್ಕೂ ಅರ್ಹವಲ್ಲ.

ಪೆದ್ದಕಡುಬೂರಿನ ಸುತ್ತಿನ ಹಳ್ಳಿಗಳಿಗೆ ಈ ವಿಚಾರ ಬರಿಯ ಹಳೆಯ ನೆನಪಲ್ಲ. ಮಳೆ ಕೈಕೊಟ್ಟಾಗ ನಮ್ಮ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಸುಗ್ಗಿಗೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ತಿಂಗಳುಗಟ್ಟಲೆ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಗಣಿತದಲ್ಲಿ ಹಿಂದೆ ಬಿದ್ದಿರುತ್ತದೆ, ಓದಿನಲ್ಲಿ ಹಿಂದೆ ಬಿದ್ದಿರುತ್ತದೆ. ಅದು ಹಿಂದೆ ಬೀಳದೆ ತಲೆಯೆತ್ತಿ ನಿಲ್ಲಬಲ್ಲ ಒಂದು ಜಾಗವಾದರೂ ಶಾಲೆಯಲ್ಲಿ ಇರಬೇಡವೇ? ಕಾಸಿನ ಖರ್ಚಿಲ್ಲದ ಆಟದಂಗಳ ಅಂಥ ಜಾಗ. ಗಡಿಯ ಕನ್ನಡ ಶಾಲೆಯ ಅಳಿವು ಉಳಿವು ಕೊನೆಗೆ ಆ ಮಗು ನಾಳೆಯೂ ಬರುತ್ತದೆಯೇ ಎಂಬುದನ್ನೇ ಅವಲಂಬಿಸಿದೆ.

ಆದ್ದರಿಂದ ಮೂರು ಸೂಚನೆಗಳನ್ನು ಶಾಲೆಯ ಹಿರಿಯರ ಮುಂದೆ ಇಡುತ್ತೇನೆ. ವಾರಕ್ಕೊಂದು ಅವಧಿ ಚಿಣ್ಣಿದಾಂಡು, ಲಗೋರಿಗಳಿಗೆ ಮೀಸಲಾಗಲಿ. ಕೇಂದ್ರ ಶಿಕ್ಷಣ ಸಚಿವಾಲಯವೇ 2022ರಲ್ಲಿ 75 ದೇಶೀ ಆಟಗಳನ್ನು ಶಾಲೆಗಳಿಗೆ ತರುವ ಯೋಜನೆ ಪ್ರಕಟಿಸಿರುವುದರಿಂದ ಅಡ್ಡಿಯೇನೂ ಇರಲಾರದು. ಮೇಲಿನ ತರಗತಿಯ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಆಟದ ನಿಯಮಗಳನ್ನೂ ಎಣಿಕೆಯ ಮಾತುಗಳನ್ನೂ ಕನ್ನಡದಲ್ಲಿ ಬರೆದಿಡಲಿ. ಮೂರನೆಯದಾಗಿ, ಕಟ್ಟಡದ ಹಂಬಲದಲ್ಲಿ ಬಯಲನ್ನು ಕಳೆದುಕೊಳ್ಳದಿರೋಣ. ಕೋಣೆಯನ್ನು ಇನ್ನೊಮ್ಮೆ ಕಟ್ಟಬಹುದು, ಹೋದ ಬಯಲು ಮರಳಿ ಬಾರದು.

ಶತಮಾನೋತ್ಸವದ ಸಂಚಿಕೆಯನ್ನು ಸಿದ್ಧಪಡಿಸುವವರಿಗೆ ಅಂಗಳದ ಕಲಿಕೆಗೂ ಒಂದು ದಾಖಲೆ ಕೈಗೆ ಸಿಗಲಿ. ಅದರೊಡನೆ ಆಡುವ ಮಕ್ಕಳೂ ಇರಲಿ ಎಂದು ಹಾರೈಸುತ್ತೇನೆ.