ದೂರುವ ಮುನ್ನ ಒಂದು ಈಹೆ

ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸಿ, ಮೇಜಿನ ಮೇಲೆ ಬಟ್ಟೆ ಹಾಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಬಿಡಿಭಾಗಗಳನ್ನೆಲ್ಲ ಒಂದೊಂದಾಗಿ ಕೂಡಿಸಿ, ತನ್ನ ಮೊದಲ ಕಂಪ್ಯೂಟರನ್ನು ತಾನೇ ಕಟ್ಟಿದ ಯುವಕನೊಬ್ಬ ಏಳು ಗಂಟೆಯ ಹೊತ್ತಿಗೆ ಅದರ ಗುಂಡಿಯನ್ನು ಒತ್ತುತ್ತಾನೆ. ಯಂತ್ರ ಮೇಲೇಳುವುದಿಲ್ಲ. ಮತ್ತೆ ಒತ್ತುತ್ತಾನೆ, ಇಲ್ಲ. ತಿಂಗಳುಗಟ್ಟಲೆ ಕೂಡಿಟ್ಟ ಹಣ ಕಣ್ಣೆದುರಿಗೆ ಮೌನವಾಗಿ ಕುಳಿತಿದೆ.

ಮನೆಯಲ್ಲಿ ತೀರ್ಪುಗಳಿಗೆ ಬರವಿಲ್ಲ. ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತಂದೆ ನುಡಿಯುತ್ತಾರೆ. ಮದರ್‌ಬೋರ್ಡೇ ಸತ್ತಿದೆ ಎಂದು ಗೆಳೆಯ ಫೋನಿನಲ್ಲಿ ಖಚಿತವಾಗಿ ಹೇಳುತ್ತಾನೆ. ಒಳ್ಳೆಯ ಗಳಿಗೆ ನೋಡಿ ಕೆಲಸ ಆರಂಭಿಸಬೇಕಿತ್ತೆಂಬುದು ತಾಯಿಯ ಅಭಿಪ್ರಾಯ. ಇವರಲ್ಲಿ ಯಾರೂ ಯಂತ್ರದ ಬಳಿಗೆ ಬಂದು ನೋಡಿಲ್ಲ. ಯುವಕ ತಂದೆಯ ಮಾತನ್ನು ಹಿಡಿದು ಅಂಗಡಿಯವರಿಗೆ ಕರೆ ಮಾಡುತ್ತಾನೆ: "ನೀವು ಕೊಟ್ಟ ಎಸ್‌ಎಂಪಿಎಸ್ ಡೆಡ್ ಪೀಸು. ಹಳೇ ಮಾಲನ್ನ ಹೊಸದು ಅಂತ ಮಾರ್ತೀರಾ?"

ಈ ಒಂದು ವಾಕ್ಯದಲ್ಲಿ ಜ್ಞಾನದ ದೋಷವೂ ವಾಣಿಯ ದೋಷವೂ ಒಟ್ಟಿಗೆ ಸೇರಿಕೊಂಡಿವೆ. ಜ್ಞಾನದ ದೋಷವನ್ನು ಮೊದಲು ನೋಡಬೇಕು, ಏಕೆಂದರೆ ಎರಡನೆಯದು ಹುಟ್ಟಿದ್ದು ಅದರಿಂದಲೇ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ತನ್ನ ಮೊದಲ ಅಧ್ಯಾಯದಲ್ಲಿಯೇ ಇಂದ್ರಿಯ ಮತ್ತು ಮನಸ್ಸುಗಳಿಂದ ಉಂಟಾಗುವ ಮತಿಜ್ಞಾನಕ್ಕೆ ನಾಲ್ಕು ಹಂತಗಳನ್ನು ಹೇಳುತ್ತದೆ: ಅವಗ್ರಹ, ಈಹೆ, ಅವಾಯ, ಧಾರಣೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇದಕ್ಕೆ ಕೊಡುವ ದೃಷ್ಟಾಂತ ಸೊಗಸಾದದ್ದು. ದೂರದಲ್ಲಿ ಬಿಳಿಯ ರೂಪವೊಂದು ಕಂಡಿತು, ಅದು ಅವಗ್ರಹ. ಅದು ಬಕಪಕ್ಷಿಯೋ ಪತಾಕೆಯೋ ಎಂದು ವಿಶೇಷವನ್ನು ತಿಳಿಯಲು ಮನಸ್ಸು ತೊಡಗಿತು, ಅದು ಈಹೆ. ಮೇಲೇರುವುದು, ಕೆಳಗಿಳಿಯುವುದು, ರೆಕ್ಕೆ ಬಡಿಯುವುದು ಕಂಡುಬಂದು ಪಕ್ಷಿಯೇ ಎಂಬ ನಿಶ್ಚಯವಾಯಿತು, ಅದು ಅವಾಯ. ಮುಂದೆ ಕಂಡಾಗ ಬೆಳಿಗ್ಗೆ ನೋಡಿದ್ದೇ ಇದು ಎಂದು ಗುರುತಿಸುವಂತೆ ಉಳಿಯುವುದು ಧಾರಣೆ. ಸಂಶಯವೂ ಈಹೆಯೂ ಒಂದೇ ಅಲ್ಲವೆಂದು ಜೈನ ತಾರ್ಕಿಕರು ಎಚ್ಚರದಿಂದ ಬೇರ್ಪಡಿಸಿದ್ದಾರೆ. ಸಂಶಯವು ಎರಡು ಕೊನೆಗಳ ನಡುವೆ ತೂಗಾಡುತ್ತದೆ; ಈಹೆ ನಿಶ್ಚಯದ ಕಡೆಗೆ ಹೆಜ್ಜೆ ಇಡುತ್ತದೆ.

ಯುವಕ ಮಾಡಿದ್ದೇನು? ಬಿಳಿಯ ರೂಪ ಕಂಡೊಡನೆ ಪತಾಕೆ ಎಂದು ಕೂಗಿದ. ಅಷ್ಟೇ ಅಲ್ಲ, ಅವನ ಅವಗ್ರಹವೂ ಅಪೂರ್ಣವಾಗಿತ್ತು. "ಏನೂ ಆಗುತ್ತಿಲ್ಲ" ಎಂಬುದು ನಿಜವಾಗಿರಲಿಲ್ಲ. ದೀಪವಾರಿಸಿ ನೋಡಿದ್ದರೆ ಮದರ್‌ಬೋರ್ಡಿನ ಅಂಚಿನಲ್ಲಿ ಚಿಕ್ಕ ದೀಪವೊಂದು ಉರಿಯುತ್ತಿರುವುದು ಕಾಣುತ್ತಿತ್ತು. ಗುಂಡಿ ಒತ್ತಿದಾಗ ಫ್ಯಾನು ಕಾಲು ಸುತ್ತು ತಿರುಗಿ ನಿಲ್ಲುತ್ತಿತ್ತು. ಈ ಎರಡು ಲಕ್ಷಣಗಳು ಇಡೀ ಕಥೆಯನ್ನೇ ಬದಲಿಸುತ್ತವೆ.

ಯಂತ್ರದ ಕ್ರಮ ಹೀಗಿದೆ. ಮುಂಭಾಗದ ಗುಂಡಿಯಲ್ಲಿ ಮನೆಯ ವಿದ್ಯುತ್ತು ಹರಿಯುವುದಿಲ್ಲ. ಎಸ್‌ಎಂಪಿಎಸ್ ಗೋಡೆಗೆ ಜೋಡಿಸಿದೊಡನೆ 5 ವೋಲ್ಟಿನ ಒಂದು ಸಣ್ಣ ಧಾರೆಯನ್ನು ಸದಾ ಬೋರ್ಡಿಗೆ ಕಳಿಸುತ್ತಿರುತ್ತದೆ. ಗುಂಡಿ ಒತ್ತಿದಾಗ ಬೋರ್ಡಿನ ಎರಡು ಪಿನ್ನುಗಳು ಕ್ಷಣಕಾಲ ಕೂಡುತ್ತವೆ. ಬೋರ್ಡು 24 ಪಿನ್ನುಗಳ ಕೇಬಲ್ಲಿನಲ್ಲಿರುವ ಒಂದು ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ ಏಳೆಂದು ಸೂಚಿಸುತ್ತದೆ. ಆಗ 12, 5 ಮತ್ತು 3.3 ವೋಲ್ಟುಗಳ ಮುಖ್ಯ ಧಾರೆಗಳು ಹೊರಡುತ್ತವೆ. ಎಲ್ಲಿಯಾದರೂ ಶಾರ್ಟ್ ಇರುವುದು ತಿಳಿದರೆ ಎಸ್‌ಎಂಪಿಎಸ್ ತಕ್ಷಣ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಬೋರ್ಡಿನ ದೀಪ ಉರಿದು ಫ್ಯಾನು ಕಾಲು ಸುತ್ತು ತಿರುಗಿ ನಿಂತಿತೆಂದರೆ, ಸತ್ತಿದೆ ಎಂದು ದೂರಿಸಿಕೊಂಡ ಆ ವಸ್ತು ಬಹುಶಃ ಉಳಿದುದೆಲ್ಲವನ್ನೂ ಸುಡದಂತೆ ಕಾಯುತ್ತಿದೆ.

ಈಹೆ ಇಲ್ಲಿಂದ ತೊಡಗಬೇಕು. ಮೊದಲು ಸುಲಭವಾದವು: ಹಿಂಭಾಗದ ಸ್ವಿಚ್ಚು ಹಾಕಿದೆಯೇ, 24 ಪಿನ್ನಿನ ಕೇಬಲ್ಲು ಕ್ಲಿಕ್ ಎನ್ನುವವರೆಗೆ ಕುಳಿತಿದೆಯೇ, ಪ್ರೊಸೆಸರಿಗೆ ಬೇರೆಯಾಗಿ ಹೋಗಬೇಕಾದ 8 ಪಿನ್ನಿನ ಕೇಬಲ್ಲನ್ನು ಜೋಡಿಸಿದೆಯೇ, ಗುಂಡಿಯ ತೆಳು ತಂತಿ ಬೋರ್ಡಿನಲ್ಲಿ ಸರಿಯಾದ ಜೋಡಿ ಪಿನ್ನುಗಳ ಮೇಲಿದೆಯೇ. ಇವು ಸರಿಯಿದ್ದರೆ ವಿದ್ಯುತ್ತನ್ನು ಪೂರ್ತಿ ತೆಗೆದು, ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರು, ಅದರ ಫ್ಯಾನು ಮತ್ತು ಒಂದೇ ರ‍್ಯಾಮ್ ಮಾತ್ರ ಉಳಿಸಿ, ಕೇಬಲ್ಲುಗಳನ್ನು ಮತ್ತೆ ಜೋಡಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಗುಂಡಿಯ ಎರಡು ಪಿನ್ನುಗಳನ್ನು ಮುಟ್ಟಿಸಿ ನೋಡುವುದು. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲಾಗದು; ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.

ತಾಳ್ಮೆಯಿಂದ ಹೀಗೆ ಮಾಡಿದ ಯುವಕನ ಯಂತ್ರ ರಟ್ಟಿನ ಮೇಲೆ ಸರಾಗವಾಗಿ ಓಡಿತು. ಹಾಗಾದರೆ ದೋಷ ಬೋರ್ಡಿನಲ್ಲೂ ಇಲ್ಲ, ಎಸ್‌ಎಂಪಿಎಸ್‌ನಲ್ಲೂ ಇಲ್ಲ. ಕ್ಯಾಬಿನೆಟ್ಟಿನಲ್ಲಿಯೋ ಹೊರಗಿಟ್ಟ ಭಾಗಗಳಲ್ಲಿಯೋ ಇರಬೇಕು. ಕ್ಯಾಬಿನೆಟ್ಟಿನೊಳಗೆ ಬೆಳಕು ಹಿಡಿದು ನೋಡಿದಾಗ ಕಂಡದ್ದು ಹಿತ್ತಾಳೆಯ ಒಂದು ಪುಟ್ಟ ಆಧಾರ ತಿರುಪು. ಬೋರ್ಡು ಲೋಹದ ತಟ್ಟೆಗೆ ತಾಗದಿರಲೆಂದು ಇಂಥ ತಿರುಪುಗಳನ್ನು ಬೋರ್ಡಿನ ರಂಧ್ರಗಳ ಅಳತೆಗೆ ಸರಿಯಾಗಿ ನಿಲ್ಲಿಸುತ್ತಾರೆ. ಚಿಕ್ಕ ಬೋರ್ಡಿಗೆ ಬೇಡವಾದ ಒಂದು ತಿರುಪು ಅಲ್ಲಿಯೇ ಉಳಿದು ಬೋರ್ಡಿನ ಬೆನ್ನಿನ ಬೆಸುಗೆಯನ್ನು ಮುಟ್ಟುತ್ತಿತ್ತು. ಅದನ್ನು ತೆಗೆದು ಮತ್ತೆ ಕೂಡಿಸಿದಾಗ ಯಂತ್ರ ಎದ್ದಿತು. ಇದು ಅವಾಯ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಧಾರಣೆಗೆ ಬಲ. ಮುಂದಿನ ಬಾರಿ ಗೆಳೆಯನ ಮನೆಯಲ್ಲಿ ಫ್ಯಾನು ಕಾಲು ಸುತ್ತು ತಿರುಗಿದಾಗ ಅದು ನೆನಪಿಗೆ ಬರುತ್ತದೆ.

ಯಂತ್ರದ ಕಥೆ ಇಲ್ಲಿಗೆ ಮುಗಿಯಿತು. ಆದರೆ ಏಳು ಗಂಟೆಯ ಆ ಫೋನ್ ಕರೆ ಮುಗಿದಿಲ್ಲ.

ಇಲ್ಲದ ದೋಷವನ್ನು ಮತ್ತೊಬ್ಬರ ಮೇಲೆ ಹೊರಿಸುವುದನ್ನು ಜೈನಾಗಮ ಅಭ್ಯಾಖ್ಯಾನವೆಂದು ಕರೆದು ಪಾಪಗಳ ಸಾಲಿನಲ್ಲಿ ಇಟ್ಟಿದೆ. ಇಂಥ ಸಂದರ್ಭದಲ್ಲಿ ಬಹುಮಂದಿ ಸುಮ್ಮನಾಗುತ್ತಾರೆ. ಯಂತ್ರ ಓಡಿತಲ್ಲ, ಅಂಗಡಿಯವರಿಗೆ ದಿನಕ್ಕೆ ಇಂಥ ಎಷ್ಟೋ ಕರೆ, ಅವರು ಮರೆತಿರುತ್ತಾರೆ ಎಂಬುದು ಸಮಾಧಾನ. ಇನ್ನೂ ಕೆಲವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪ್ರೊಸೆಸರನ್ನು ಅವಸರದಲ್ಲಿ ಕೂರಿಸುವಾಗ ಸಾಕೆಟ್ಟಿನ ಪಿನ್ನು ಬಾಗುವುದುಂಟು. ಈಚಿನ ಒಂದು ಬಗೆಯ ಸಾಕೆಟ್ಟಿನಲ್ಲಿ ಕೂದಲಿನಂಥ 1700 ಪಿನ್ನುಗಳಿವೆ. ಹೀಗೆ ಬಾಗಿದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಸಿಗದು. ಆದ್ದರಿಂದ "ಬಂದಾಗಲೇ ಹೀಗಿತ್ತು" ಎಂದು ಅರ್ಜಿಯಲ್ಲಿ ಬರೆದು ಬೋರ್ಡನ್ನು ಹಿಂದಿರುಗಿಸುವುದು ಜಾಣತನವೆನಿಸಿಕೊಂಡಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಸೂತ್ರಕಾರರು ಎಣಿಸಿದ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಇದೇ ಅಲ್ಲದೆ ಬೇರೆ ಏನು? ನಷ್ಟ ದೊಡ್ಡ ಕಂಪನಿಯದೆಂಬ ಸಮರ್ಥನೆಯೂ ನಿಲ್ಲುವುದಿಲ್ಲ. ಹಿಂದಿರುಗಿದ ಬೋರ್ಡನ್ನು ಕೈಗೆತ್ತಿಕೊಂಡೊಡನೆ ಅಂಗಡಿಯವರು ಮೊದಲು ಸಾಕೆಟ್ಟನ್ನೇ ದಿಟ್ಟಿಸುತ್ತಾರೆ. ಅವರಿಗೆ ಆ ನೋಟವನ್ನು ಕಲಿಸಿದ್ದು ಹಿಂದಿನ ಗಿರಾಕಿಗಳ ಸುಳ್ಳು. ಅದರ ಇರಿತ ತಾಗುವುದು ನಿಜ ಹೇಳುವ ಮುಂದಿನ ಗಿರಾಕಿಗೆ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಮೊಬೈಲಿನಲ್ಲಿ ಇರುವ ಎಲ್ಲ ಹೆಸರುಗಳಿಗೂ ಒಂದೇ ಸಂದೇಶ ಹೋಗುತ್ತದೆ. ಅಂದವಾದ ಚಿತ್ರ, ಕೈಮುಗಿದ ಮುದ್ರೆ. ಯಾರನ್ನೂ ನೋಯಿಸಿಲ್ಲದ ಬಂಧುಗಳಿಂದ ಕ್ಷಮೆ ಕೇಳುವುದು ಸುಲಭ, ಸಂತೋಷದ ಕೆಲಸ ಕೂಡ. ಬೈಸಿಕೊಂಡ ಅಂಗಡಿಯವರ ಸಂಖ್ಯೆ ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಪ್ರತಿಕ್ರಮಣವೆಂದರೆ ದಾಟಿದ ಗೆರೆಯಿಂದ ಹಿಂದಿರುಗುವುದು. ಹಿಂದಿರುಗಬೇಕಾದದ್ದು ದಾಟಿದ ಜಾಗದಿಂದಲೇ. ಎಲ್ಲರಿಗೂ ಹಂಚಿದ ಕ್ಷಮೆಯಾಚನೆ, ಅದು ಸಲ್ಲಬೇಕಾದ ಒಬ್ಬರಿಗೆ ತಲುಪದಿದ್ದರೆ, ಶುಭಾಶಯದ ಪತ್ರವಷ್ಟೇ ಆಗಿ ಉಳಿಯುತ್ತದೆ.

ಯುವಕ ಕ್ಷಮಾವಣಿಯವರೆಗೆ ಕಾಯಲಿಲ್ಲ. ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಕರೆ ಮಾಡಿದ. "ಅಣ್ಣಾ, ನಿನ್ನೆ ಬೈದಿದ್ದು ನಾನೇ. ಎಸ್‌ಎಂಪಿಎಸ್ ಚೆನ್ನಾಗಿದೆ. ಬೋರ್ಡ್ ಕೆಳಗೆ ಒಂದು ಸ್ಕ್ರೂ ಬಿಟ್ಟಿದ್ದೆ, ತಪ್ಪು ನನ್ನದೇ. ಕ್ಷಮಿಸಿ."

ಆ ಕಡೆ ಕ್ಷಣಕಾಲ ಮೌನ. "ಅಯ್ಯೋ, ಬಿಡಿ," ಎಂದರು ಅಂಗಡಿಯವರು. "ನಾನು ಕಟ್ಟಿದ ಮೊದಲ್ನೇ ಕಂಪ್ಯೂಟರಲ್ಲೂ ಇದೇ ಆಗಿತ್ತು. ಉಳಿದ ಸ್ಕ್ರೂ ಎಲ್ಲಾ ಸಮನಾಗಿ ಟೈಟ್ ಮಾಡಿದೀರಾ? ಜಾಸ್ತಿ ಬಿಗಿ ಬೇಡ, ಬೋರ್ಡ್ ಬಾಗುತ್ತೆ."